ಗಸಿ ಕೂರುವ ತನಕ: ಟೆಕ್ಸಸ್‌ನ ಕೆಂಪು ಕಣಿವೆಯಲ್ಲಿ ಕೌಬಾಯ್ ಕಾಫಿ

ಅಪ್ಪ ಬಾಳೆಹೊನ್ನೂರಿನಿಂದ ಡಲ್ಲಾಸ್‌ಗೆ ಬರುವಾಗ ಒಂದು ಕಿಲೋ ಹಸಿ ಕಾಫಿ ಬೀಜ ತಂದಿದ್ದರು. ನಮ್ಮ ತೋಟದ್ದೇ ಅರೇಬಿಕಾ. ಹುರಿದು ಪುಡಿ ಮಾಡಿಸಿಯೇ ತರಬಹುದಿತ್ತಲ್ಲ ಅಂದೆ. "ಹುರಿದ ಬೀಜದ ಘಮ ಎಷ್ಟು ದಿನ ಇರತ್ತೆ? ಹಸಿ ಬೀಜ ತಿಂಗಳುಗಟ್ಟಲೆ ಇಟ್ಟರೂ ಏನೂ ಆಗಲ್ಲ" ಅಂದರು.

ಈ ಪ್ರವಾಸ ಹುಟ್ಟಿದ್ದು ಆ ಒಂದು ಮಾತಿನಿಂದ. ನೂರೈವತ್ತು ವರ್ಷದ ಹಿಂದೆ ಟೆಕ್ಸಸ್‌ನ ಕೌಬಾಯ್‌ಗಳೂ ಇದೇ ಕಾರಣಕ್ಕೆ ಹಸಿ ಬೀಜವನ್ನು ಮೂಟೆ ಕಟ್ಟಿ ಒಯ್ಯುತ್ತಿದ್ದರು. ಬೆಂಕಿ ಹಾಕಿದ ಕಡೆ ಹುರಿದು, ಅರೆದು, ಫಿಲ್ಟರ್ ಗಿಲ್ಟರ್ ಏನೂ ಇಲ್ಲದೆ ಒಂದೇ ಪಾತ್ರೆಯಲ್ಲಿ ಕಾಸಿ ಕುಡಿಯುತ್ತಿದ್ದರು. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆ ಜಾಗ ಎಷ್ಟು ದೂರ?" ಅಂತ ಕೇಳಿದರು.

ಅಕ್ಟೋಬರ್ ಕೊನೆಯ ವಾರ ನಾಲ್ಕು ದಿನ ರಜೆ ಹಾಕಿದೆ. ನನ್ನವಳಿಗೆ ರಜೆ ಸಿಗಲಿಲ್ಲ. ಅಪ್ಪ, ನಾನು, ಹನ್ನೊಂದು ವರ್ಷದ ಮಗಳು ಹೊರಟೆವು. ಡಿಕ್ಕಿಯಲ್ಲಿ ಟೆಂಟು, ಕಬ್ಬಿಣದ ಬಾಣಲೆ, ಎನಾಮೆಲ್ ಬಳಿದ ನೀಲಿ ಕಾಫಿ ಪಾತ್ರೆ, ಕೈಯಲ್ಲಿ ತಿರುಗಿಸುವ ಗಿರಣಿ, ಆ ಹಸಿ ಬೀಜ. ಜೊತೆಗೆ, ಇರಲಿ ಅಂತ, ಮನೆಯ ಫಿಲ್ಟರ್ ಕಾಫಿ ಪುಡಿ.

ಮೊದಲ ದಿನ

ಡಲ್ಲಾಸ್‌ನಿಂದ ವಾಯುವ್ಯಕ್ಕೆ 287ನೇ ಹೆದ್ದಾರಿ. ವಿಚಿಟಾ ಫಾಲ್ಸ್ ದಾಟಿದ ಮೇಲೆ ಮನೆಗಳು ಕಮ್ಮಿ, ಆಕಾಶ ಜಾಸ್ತಿ. ವರ್ನನ್, ಕ್ವಾನಾ, ಚಿಲ್ಡ್ರೆಸ್ ಅಂತ ಊರುಗಳು ಒಂದೊಂದೇ ಹಿಂದೆ ಸರಿದವು. ರಸ್ತೆಯ ಎರಡೂ ಕಡೆ ಹತ್ತಿ ಒಡೆದು ನಿಂತಿತ್ತು. ನಡುವೆ ಮುಳ್ಳಿನ ಮರಗಳ ಕುರುಚಲು ಕಾಡು. ಅಪ್ಪ ಕಿಟಕಿಗೆ ಮುಖ ಒತ್ತಿಕೊಂಡು ನೋಡುತ್ತಿದ್ದವರು ತಟ್ಟನೆ "ಇದು ಬಳ್ಳಾರಿ ಜಾಲಿ ಅಲ್ವಾ?" ಅಂದರು. ಕಾರು ನಿಲ್ಲಿಸಿ ಇಳಿದು ನೋಡಿದೆವು. ಅದೇ ಸಣ್ಣ ಎಲೆ, ಅದೇ ಉದ್ದ ಮುಳ್ಳು, ಅದೇ ಒಣಗಿದ ಕಾಯಿ. ಇಲ್ಲಿ ಇದಕ್ಕೆ ಮೆಸ್ಕೀಟ್ ಅನ್ನುತ್ತಾರೆ. ನಮ್ಮ ಬಳ್ಳಾರಿ ಜಾಲಿಯೂ ಇದೂ ಒಂದೇ ಕುಲದ ಮರಗಳು. ನಮ್ಮ ಬಯಲುಸೀಮೆಗೆ ಬಂದದ್ದೇ ಅಮೆರಿಕ ಖಂಡದಿಂದ. ಅಪ್ಪ ಒಂದು ಕಾಯಿ ಮುರಿದು ಮೂಸಿ ಜೇಬಿಗೆ ಹಾಕಿಕೊಂಡರು.

ಮಧ್ಯಾಹ್ನ ಮೂರರ ಹೊತ್ತಿಗೆ ಗುಡ್‌ನೈಟ್ ಅನ್ನುವ ಪುಟ್ಟ ಊರು ಬಂತು. ಹೆದ್ದಾರಿ ಬದಿಯಲ್ಲೇ ಚಾರ್ಲ್ಸ್ ಗುಡ್‌ನೈಟ್ 1887ರಲ್ಲಿ ಕಟ್ಟಿಸಿದ ಎರಡು ಅಂತಸ್ತಿನ ಮರದ ಮನೆ ಇದೆ. ಕಾಫಿಯ ಕಥೆಗೆ ಈ ಮನುಷ್ಯ ಯಾಕೆ ಬೇಕು ಅಂದರೆ, ಚಕ್‌ವ್ಯಾಗನ್ ಅನ್ನುವ ಅಡುಗೆ ಬಂಡಿಯನ್ನು ರೂಪಿಸಿದ್ದು ಇವನೇ. 1866ರಲ್ಲಿ ದನಗಳ ದೊಡ್ಡ ಮಂದೆಯನ್ನು ನ್ಯೂ ಮೆಕ್ಸಿಕೋ ಕಡೆಗೆ ಹೊಡೆದುಕೊಂಡು ಹೋಗುವಾಗ ಸೈನ್ಯದವರು ಬಳಸಿ ಬಿಟ್ಟ ಒಂದು ಗಟ್ಟಿ ಬಂಡಿ ಕೊಂಡು, ಅದರ ಹಿಂಭಾಗಕ್ಕೆ ಒಂದು ಮರದ ಪೆಟ್ಟಿಗೆ ಕೂರಿಸಿದ. ಪೆಟ್ಟಿಗೆಯ ಮುಚ್ಚಳ ಕೆಳಗಿಳಿಸಿದರೆ ಅದೇ ಅಡುಗೆ ಕಟ್ಟೆ. ಒಳಗೆ ಹಿಟ್ಟು, ಬೀನ್ಸ್, ಉಪ್ಪು, ಕಾಫಿ ಇಡಲು ಖಾನೆಗಳು. ಬಂಡಿಯ ಪಕ್ಕಕ್ಕೆ ನೀರಿನ ಪೀಪಾಯಿ, ಇನ್ನೊಂದು ಕಡೆ ಕಾಫಿ ಅರೆಯುವ ಗಿರಣಿ.

ಅಡುಗೆಯವನು ಬೆಳಗಿನ ಜಾವ ಮೂರಕ್ಕೇ ಎದ್ದು ಮೊದಲು ಕಾಫಿಗೆ ನೀರಿಡುತ್ತಿದ್ದ. ರಾತ್ರಿ ಸುಮಾರು ಎರಡೆರಡು ಗಂಟೆಯ ಪಾಳಿಯಲ್ಲಿ ಮಂದೆ ಕಾಯುವವರು ಬಂದು ಹೋಗಿ ಮಾಡುತ್ತಿದ್ದರಿಂದ ಪಾತ್ರೆ ಕೆಂಡದ ಮೇಲಿಂದ ಇಳಿಯುತ್ತಲೇ ಇರಲಿಲ್ಲ. ದಿನಕ್ಕೆ ಹತ್ತು ಹದಿನೈದು ಮೈಲಿ ನಡೆ, ಧೂಳು, ಬಿಸಿಲು, ಮಳೆ, ಎರಡು ಮೂರು ತಿಂಗಳು ಹೀಗೇ. ಇವರಿಗೆ ಕಾಫಿ ಬರೀ ರುಚಿಯ ವಿಷಯ ಆಗಿರಲಿಲ್ಲ. ಎಚ್ಚರವಾಗಿರಲು ಅದೇ ಗತಿ.

ಅಮರಿಲೋದಲ್ಲಿ ತರಕಾರಿ, ಬ್ರೆಡ್ಡು ಕೊಂಡೆವು. ಆ ಊರು ಸಮುದ್ರ ಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ಚಿಕ್ಕಮಗಳೂರು ಪೇಟೆಯೂ ಹೆಚ್ಚೂಕಡಿಮೆ ಅಷ್ಟೇ ಎತ್ತರ. ಆದರೆ ಇಲ್ಲಿ ಒಂದು ಗುಡ್ಡ ಇಲ್ಲ. ಅಪ್ಪನಿಗೆ ಇದನ್ನು ನಂಬಲು ಆಗಲೇ ಇಲ್ಲ. ಚಪ್ಪಟೆ ಬಯಲು, ಎಷ್ಟು ದೂರ ನೋಡಿದರೂ ಚಪ್ಪಟೆ. ಆ ಬಯಲಿನ ನಡುವೆಯೇ ನೆಲ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಿತು. ಅದೇ ಪಾಲೋ ಡ್ಯೂರೋ ಕಣಿವೆ. ಉದ್ದ ಸುಮಾರು 190 ಕಿಲೋಮೀಟರ್, ಆಳ 800 ಅಡಿಯವರೆಗೆ. ಗೋಡೆಗಳಲ್ಲಿ ಇಟ್ಟಿಗೆ ಕೆಂಪು, ಹಳದಿ, ನಡುನಡುವೆ ಬಿಳಿ ಗೀರು.

ಗೇಟಿನಲ್ಲಿ ಮೊದಲು ಕೇಳಿದ್ದು ಬೆಂಕಿ ಹಾಕಬಹುದಾ ಅಂತ. ಈ ಕಡೆ ಗಾಳಿ ಜೋರು, ಹುಲ್ಲು ಒಣಗಿದ್ದರೆ ಬೆಂಕಿಯನ್ನು ಪೂರ್ತಿ ನಿಷೇಧ ಮಾಡುತ್ತಾರೆ. ನಮ್ಮ ಪುಣ್ಯ, ಆ ವಾರ ನಿಷೇಧ ಇರಲಿಲ್ಲ. ಆದರೆ ಪಾರ್ಕಿನೊಳಗೆ ಬಿದ್ದ ಒಂದು ಕಡ್ಡಿಯನ್ನೂ ಎತ್ತುವಂತಿಲ್ಲ. ಸೌದೆ ಕೊಂಡೇ ಒಯ್ಯಬೇಕು. ಮೆಸ್ಕೀಟ್ ಸೌದೆಯ ಎರಡು ಕಟ್ಟು ಕೊಂಡೆವು.

ಟೆಂಟು ಹಾಕುವಷ್ಟರಲ್ಲಿ ಕತ್ತಲಾಗಿತ್ತು. ಸುಸ್ತಾಗಿತ್ತು, ಆದರೂ ಕಾಫಿ ಬೇಕಿತ್ತು. ಹಸಿ ಬೀಜ ಹುರಿಯುವ ತಾಳ್ಮೆ ಇರಲಿಲ್ಲ. ತಣ್ಣೀರಿಗೆ ಫಿಲ್ಟರ್ ಪುಡಿ ಸುರಿದು ಉರಿಯ ಮೇಲೇ ಇಟ್ಟೆ. ಹತ್ತು ನಿಮಿಷ ಕೊತಕೊತ ಕುದಿಯಿತು. ನೊರೆ ಉಕ್ಕಿ ಅರ್ಧ ಬೆಂಕಿಗೆ ಬಿತ್ತು. ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿದರೆ ಕೆಸರು. ಚಿಕೋರಿ ಬೇರೆ ಸೇರಿದ ನುಣ್ಣನೆಯ ಪುಡಿ, ಎಷ್ಟು ಹೊತ್ತು ಬಿಟ್ಟರೂ ಕೆಳಗೆ ಕೂರಲಿಲ್ಲ. ಕಹಿ ಗಂಟಲಿಗೆ ಅಂಟಿತು. ಇಷ್ಟು ದೂರ ಬಂದು ಹೀಗಾಯಿತಲ್ಲ ಅಂತ ನನಗೆ ನಿಜವಾಗಿ ಬೇಜಾರಾಯಿತು. ಅಪ್ಪ ಪೂರ್ತಿ ಕುಡಿದರು. ಲೋಟದ ತಳವನ್ನು ಬೆಂಕಿಯ ಬೆಳಕಿಗೆ ಹಿಡಿದು ನೋಡಿ, "ಪುಡಿ ರವೆ ಥರ ಇರಬೇಕಿತ್ತು" ಅಂದರು. ಅಷ್ಟೇ.

ಮಲಗುವ ಮುಂಚೆ ಮಗಳಿಗೆ ಧ್ರುವ ನಕ್ಷತ್ರ ತೋರಿಸಿದೆ. ಚಕ್‌ವ್ಯಾಗನ್‌ನ ಅಡುಗೆಯವನು ದಿನಾ ರಾತ್ರಿ ಬಂಡಿಯ ಮೂಕಿಯನ್ನು ಆ ನಕ್ಷತ್ರದ ಕಡೆಗೆ ತಿರುಗಿಸಿ ಇಡುತ್ತಿದ್ದನಂತೆ. ಬೆಳಗ್ಗೆ ಮೋಡ ಕವಿದಿದ್ದರೂ ಉತ್ತರ ಯಾವ ಕಡೆ ಅಂತ ಗೊತ್ತಾಗಲಿ ಅಂತ. ಅಪ್ಪ ಕತ್ತು ಎತ್ತಿ ತುಂಬಾ ಹೊತ್ತು ನೋಡಿದರು. ಬಾಳೆಹೊನ್ನೂರಿನಲ್ಲಿ ಅದು ದಿಗಂತದಿಂದ ಬರೀ ಹದಿಮೂರು ಡಿಗ್ರಿ ಮೇಲೆ. ಇಲ್ಲಿ ಮೂವತ್ತೈದು. "ನಮ್ಮಲ್ಲಿ ಇದು ಯಾವಾಗಲೂ ಗುಡ್ಡದ ಹಿಂದೇನೇ. ಇಷ್ಟು ಮೇಲೆ ನಾನು ನೋಡೇ ಇರಲಿಲ್ಲ" ಅಂದರು.

ಎರಡನೇ ದಿನ

ಬೆಳಗ್ಗೆ ಆರೂವರೆಗೆ ಚಳಿಗೆ ಎಚ್ಚರವಾಯಿತು. ಹೊರಗೆ ಬಂದರೆ ಅಪ್ಪ ಇಲ್ಲ. ಪಕ್ಕದ ಕ್ಯಾಂಪಿನಲ್ಲಿ, ತಲೆಗೆ ಮಫ್ಲರ್ ಸುತ್ತಿಕೊಂಡು, ಬೆಂಕಿಯ ಮುಂದೆ ಕೂತಿದ್ದರು. ಎದುರಿಗೆ ಅರವತ್ತು ದಾಟಿದ ಒಬ್ಬ ಹೆಂಗಸು, ಜೀನ್ಸ್ ಪ್ಯಾಂಟು, ಹಳೇ ಕ್ಯಾನ್ವಾಸ್ ಕೋಟು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಹತ್ತು ಶಬ್ದ ಬರುತ್ತಿತ್ತೋ ಇಲ್ಲವೋ. ಆದರೂ ಅಪ್ಪ ಕೈಬೆರಳಲ್ಲಿ ನಮ್ಮ ಕೊಟ್ಟಿಗೆಯ ದನಗಳ ಲೆಕ್ಕ ಹೇಳುತ್ತಿದ್ದರು.

ಆಕೆಯ ಮನೆಯವರು ದನ ಸಾಕುವವರು. ವಸಂತದಲ್ಲಿ ಕರುಗಳಿಗೆ ಬರೆ ಹಾಕಿ ಗುರುತು ಮಾಡುವ ದಿನಗಳಲ್ಲಿ ಇಪ್ಪತ್ತು ಮೂವತ್ತು ಜನಕ್ಕೆ ಹೊಲದಲ್ಲೇ ಅಡುಗೆ. ಆ ಅಡುಗೆಯನ್ನು ಆಕೆ ಚಿಕ್ಕ ವಯಸ್ಸಿನಿಂದ ಮಾಡಿಕೊಂಡು ಬಂದಿದ್ದರು. ನನ್ನ ಹಿಂದಿನ ರಾತ್ರಿಯ ಕಾಫಿಯ ಕಥೆ ಕೇಳಿ, "ಕೂತ್ಕೋ, ನೋಡು" ಅಂದರು.

ನೋಡಿದೆ. ಎಲ್ಲವನ್ನೂ ನೆನಪಿಟ್ಟುಕೊಂಡಿದ್ದೇನೆ.

ಮೊದಲನೆಯದು, ಪಾತ್ರೆ ಉರಿಯ ಮೇಲೆ ಇರಲಿಲ್ಲ. ಉರಿ ಒಂದು ಪಕ್ಕಕ್ಕಿತ್ತು. ಅಲ್ಲಿಂದ ಸಲಾಕೆಯಲ್ಲಿ ಕೆಂಡ ಮಾತ್ರ ಎಳೆದು ಹರಡಿ, ಅದರ ಮೇಲೆ ಪಾತ್ರೆ. ಮೆಸ್ಕೀಟ್ ಕೆಂಡ ಗಟ್ಟಿ, ಬೇಗ ಆರುವುದಿಲ್ಲ, ಹೊಗೆಯೂ ಕಮ್ಮಿ. ನೀರು ಬರಿದೇ ಕಾಯಿತು, ಪುಡಿ ಇನ್ನೂ ಹಾಕಿಲ್ಲ. ಚೆನ್ನಾಗಿ ಕುದಿ ಬಂದ ಮೇಲೆ ಪಾತ್ರೆಯನ್ನು ಪೂರ್ತಿ ಕೆಳಗಿಳಿಸಿದರು. ಮೂವತ್ತರ ತನಕ ಬಾಯಲ್ಲೇ ಎಣಿಸಿದರು. ಆಮೇಲೆ ಲೋಟಕ್ಕೆ ಎರಡು ದೊಡ್ಡ ಚಮಚದ ಲೆಕ್ಕದಲ್ಲಿ ತರಿತರಿ ಪುಡಿ. ಬನ್ಸಿ ರವೆಗಿಂತ ಸ್ವಲ್ಪ ದಪ್ಪ. ಉದ್ದ ಚಮಚದಲ್ಲಿ ತಳದಿಂದ ತಿರುವಿ ಮುಚ್ಚಳ ಮುಚ್ಚಿದರು. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ತಿರುವಿದರು. ಮತ್ತೆ ಎರಡು ನಿಮಿಷ. ಪುಡಿ ಬಿದ್ದ ಮೇಲೆ ಒಂದು ಗುಳ್ಳೆ ಕೂಡ ಕುದಿಯಬಾರದು, ಕುದಿದರೆ ಕಹಿ ಅಂದರು. ನಾನು ಹತ್ತು ನಿಮಿಷ ಕುದಿಸಿದ್ದೆ.

ಆಮೇಲೆ ಆಕೆ ಒಂದು ಲೋಟದಲ್ಲಿ ತಣ್ಣೀರು ತೆಗೆದುಕೊಂಡು, ಬೆರಳುಗಳನ್ನು ಅದ್ದಿ, ಪಾತ್ರೆಯ ಬಾಯಿಯ ಸುತ್ತ ಚಿಮುಕಿಸಿದರು. ಉಳಿದ ಅರ್ಧ ಲೋಟವನ್ನು ಮೂತಿಯ ಒಳಗಿಂದ ನಿಧಾನಕ್ಕೆ ಬಿಟ್ಟರು. ಮುಚ್ಚಳ ಮುಚ್ಚಿ ಕೈಕಟ್ಟಿ ಕೂತರು.

ಅಪ್ಪ ನನ್ನ ಕಡೆ ತಿರುಗಿದರು. "ಅಜ್ಜಿ" ಅಂದರು.

ನನಗೂ ಅದೇ ಕ್ಷಣಕ್ಕೆ ಹೊಳೆದಿತ್ತು. ಅಪ್ಪನ ಅಮ್ಮ ಫಿಲ್ಟರ್ ಮುಟ್ಟಿದವರಲ್ಲ. ಒಲೆಯ ಮೇಲೆ ಬೆಲ್ಲದ ನೀರು ಕುದಿಯುತ್ತಿದ್ದಂತೆ ಕೆಳಗಿಳಿಸಿ ಪುಡಿ ಹಾಕಿ, ತಟ್ಟೆ ಮುಚ್ಚಿ, ಒಲೆಯ ಪಕ್ಕದ ಬಿಸಿ ಕಟ್ಟೆ ಮೇಲೆ ಇಡುತ್ತಿದ್ದರು. ಆಮೇಲೆ ಬೆರಳಲ್ಲಿ ನಾಲ್ಕು ಹನಿ ತಣ್ಣೀರು. "ಗಸಿ ಕೂರಲಿ, ಯಾರೂ ಮುಟ್ಟಬೇಡಿ" ಅನ್ನುತ್ತಿದ್ದರು. ಬೆಳಗ್ಗೆ ತೋಟಕ್ಕೆ ಹೋಗುವ ಆತುರದಲ್ಲಿ ಇರುವವರೂ ಆ ಮಾತಿಗೆ ನಿಲ್ಲುತ್ತಿದ್ದರು. ಅರೇಬಿಕಾ ಬೆಳೆಯುವ ಒಂದು ಗುಡ್ಡದ ಮನೆ, ದನ ಸಾಕುವ ಒಂದು ಬಯಲಿನ ಮನೆ. ಒಬ್ಬರಿಗೊಬ್ಬರು ಹೇಳಿಕೊಟ್ಟದ್ದಲ್ಲ. ಇಬ್ಬರೂ ಪಾತ್ರೆ ನೋಡಿ ನೋಡಿ ಕಲಿತದ್ದು.

ತಣ್ಣೀರು ಮಾಡುವ ಕೆಲಸ ಸರಳ. ನೀರು ಬಿಸಿಯಾಗಿ ಕುದಿಯುವಾಗ ಒಳಗೆ ಮೇಲೆ ಕೆಳಗೆ ಸುಳಿಯುತ್ತಾ ಇರುತ್ತದೆ. ಆ ಸುಳಿ ಪುಡಿಯನ್ನು ಎತ್ತಿ ಎತ್ತಿ ಹಾಕುತ್ತದೆ. ಪುಡಿಯ ಒಂದೊಂದು ಕಣಕ್ಕೂ ಗಾಳಿಗುಳ್ಳೆ ಅಂಟಿಕೊಂಡು ತೇಲಿಸುತ್ತದೆ. ತಣ್ಣೀರು ಭಾರ, ತಳಕ್ಕೆ ಇಳಿಯುತ್ತದೆ, ಇಳಿಯುವಾಗ ಮೇಲೆ ನಿಂತ ಪುಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಕೆಲವರು ಮೊಟ್ಟೆಯ ಚಿಪ್ಪನ್ನು ಪುಡಿ ಮಾಡಿ ಹಾಕುವುದೂ ಉಂಟು. ಚಿಪ್ಪು ಅಂದರೆ ಸುಣ್ಣದ ಕಲ್ಲೇ ತಾನೆ, ಕಾಫಿಯ ಹುಳಿ ಮುರಿಯುತ್ತದೆ. ಅಪ್ಪ ಮೊಟ್ಟೆ ತಿನ್ನುವುದಿಲ್ಲ ಅಂತ ಗೊತ್ತಾಗಿ ಆಕೆ ಅದನ್ನು ಬಿಟ್ಟಿದ್ದರು.

ನಾಲ್ಕು ನಿಮಿಷದ ಮೇಲೆ ಪಾತ್ರೆಯನ್ನು ಅಲುಗಿಸದೆ ಎತ್ತಿ, ಒಂದೇ ಧಾರೆಯಲ್ಲಿ ಬಗ್ಗಿಸಿದರು. ಕಪ್ಪು ಅಲ್ಲ, ಗಾಢ ಕಂದು. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ಗುಟುಕು ದಪ್ಪಗಿತ್ತು. ಬಟ್ಟೆಯಲ್ಲೋ ಕಾಗದದಲ್ಲೋ ಸೋಸಿದರೆ ಕಾಫಿಯ ಎಣ್ಣೆ ಅಲ್ಲೇ ನಿಂತುಬಿಡುತ್ತದೆ. ಇದರಲ್ಲಿ ಅದೆಲ್ಲ ನಾಲಿಗೆಗೆ ಸಿಕ್ಕಿತು.

ಆಗ ಅಪ್ಪ ಒಂದು ಪ್ರಶ್ನೆ ಕೇಳಿಸಿದರು. ಇಷ್ಟು ಸಾವಿರ ದನ ಹೊಡೆದುಕೊಂಡು ಹೋಗುತ್ತಿದ್ದವರು ಕಾಫಿಗೆ ಒಂದು ಹನಿ ಹಾಲು ಹಾಕಲಿಲ್ಲ, ಯಾಕೆ? ಆಕೆ ನಕ್ಕುಬಿಟ್ಟರು. ಅವು ಕರೆಯುವ ದನ ಅಲ್ಲ, ಉದ್ದ ಕೊಂಬಿನ ಅರೆಕಾಡು ದನ. ಹತ್ತಿರ ಹೋದರೆ ತಿವಿಯುತ್ತವೆ. ಹಾಲು ಕರೆಯುವುದು ಕೌಬಾಯ್‌ಗಳಿಗೆ ಅವಮಾನದ ಕೆಲಸ ಬೇರೆ. ಅಪ್ಪ ಒಪ್ಪಲಿಲ್ಲ. "ಕರೆಯೋಕೆ ಬರಲ್ಲ ಅಂತ ಹೇಳಲಿ" ಅಂದರು. ನಾನು ಅದನ್ನು ಅನುವಾದ ಮಾಡಿದೆ. ಆಕೆಗೆ ಆ ಮಾತು ತುಂಬಾ ಹಿಡಿಸಿತು.

ಮಧ್ಯಾಹ್ನ ನಾನೂ ಮಗಳೂ ಲೈಟ್‌ಹೌಸ್ ಅನ್ನುವ ಬಂಡೆ ಕಂಬದ ತನಕ ನಡೆದು ಬಂದೆವು. ಹೋಗಿ ಬರಲು ಒಂಬತ್ತು ಕಿಲೋಮೀಟರ್ ಚಿಲ್ಲರೆ. ಚೆನ್ನಾಗಿದೆ. ಆದರೆ ಅವತ್ತಿನ ದೊಡ್ಡ ಕೆಲಸ ಸಂಜೆಯದು.

ಸಂಜೆ ನಾಲ್ಕೂವರೆಗೆ ಅಪ್ಪ ಬೀಜ ಹುರಿಯಲು ಕೂತರು. ಕಬ್ಬಿಣದ ಬಾಣಲೆ ಕೆಂಡದ ಮೇಲೆ. ಎರಡು ಹಿಡಿ ಬೀಜ, ಅದಕ್ಕಿಂತ ಜಾಸ್ತಿ ಬೇಡ ಅಂದರು. ಹಸಿರು ಮೊದಲು ಮಾಸಿತು, ಆಮೇಲೆ ಹಳದಿಯಾಯಿತು. ಒಣಹುಲ್ಲಿನ ವಾಸನೆ, ಅದರ ಹಿಂದೆಯೇ ಬ್ರೆಡ್ಡು ಸುಟ್ಟ ವಾಸನೆ. ಅಪ್ಪ ಮರದ ಸೌಟನ್ನು ಒಂದು ಕ್ಷಣವೂ ನಿಲ್ಲಿಸಲಿಲ್ಲ. ಹತ್ತು ನಿಮಿಷ ಕಳೆದಿರಬೇಕು, ಚಟ್ ಅಂತ ಒಂದು ಬೀಜ ಸಿಡಿಯಿತು. ಆಮೇಲೆ ಒಂದರ ಹಿಂದೆ ಒಂದು, ಸಾಸಿವೆ ಒಗ್ಗರಣೆಯ ಹಾಗೆ. ಬೀಜದ ಮೇಲಿನ ಬೆಳ್ಳಿ ಪೊರೆ ಕಳಚಿ ಗಾಳಿಗೆ ಹಾರಿ ಮಗಳ ತಲೆಗೂದಲಿಗೆ ಅಂಟಿತು. ಸದ್ದು ನಿಂತ ಮೇಲೆ ಅಪ್ಪ ಇನ್ನೂ ಸ್ವಲ್ಪ ಹೊತ್ತು ಕಾದರು. ಖರ್ಜೂರದ ಬಣ್ಣ ಬರುತ್ತಿದ್ದಂತೆ ಇಳಿಸಿ ಎರಡು ತಟ್ಟೆಗಳ ನಡುವೆ ಎತ್ತಿ ಎತ್ತಿ ಸುರಿದು ಆರಿಸಿದರು.

ಅಷ್ಟು ಜೋಪಾನ ಮಾಡಿದರೂ ಐದಾರು ಬೀಜ ಒಂದು ಪಕ್ಕ ಕರಿಕಲಾಗಿದ್ದವು. ಅಪ್ಪ ಅವನ್ನು ಒಂದೊಂದಾಗಿ ಹೆಕ್ಕಿ ತೆಗೆದರು. ಒಂದು ಸುಟ್ಟ ಬೀಜ ಇಡೀ ಪಾತ್ರೆ ಕೆಡಿಸುತ್ತದೆ. ದಣಿದು ಬಂದ ಅಡುಗೆಯವನು ಗಾಳಿಯಲ್ಲಿ, ಮಳೆಯಲ್ಲಿ, ಇಷ್ಟು ಜನಕ್ಕೆ ಹೀಗೆ ಹುರಿಯುವುದು ಎಷ್ಟು ಕಷ್ಟ ಅಂತ ಆಗ ಅರ್ಥವಾಯಿತು. ಪಿಟ್ಸ್‌ಬರ್ಗ್‌ನ ಜಾನ್ ಆರ್‌ಬಕಲ್ ಯಾಕೆ ಆ ಕಾಲಕ್ಕೆ ಮನೆಮಾತಾದ ಅಂತಲೂ ಅರ್ಥವಾಯಿತು. ಅವನು ಕಾರ್ಖಾನೆಯಲ್ಲಿ ಹದವಾಗಿ ಹುರಿದ ಬೀಜಕ್ಕೆ ಮೊಟ್ಟೆ, ಸಕ್ಕರೆಯ ಲೇಪ ಹಚ್ಚಿ, ಘಮ ಹೋಗದ ಹಾಗೆ ಮಾಡಿ, ಒಂದೊಂದು ಪೌಂಡಿನ ಕಾಗದದ ಪೊಟ್ಟಣದಲ್ಲಿ ಮಾರಿದ. 1873ರಿಂದ ಅರಿಯೋಸಾ ಅನ್ನುವ ಹೆಸರು, ಪೊಟ್ಟಣದ ಮೇಲೆ ಹಾರುವ ದೇವತೆಯ ಚಿತ್ರ. ಪಶ್ಚಿಮದಲ್ಲಿ ಕಾಫಿ ಅನ್ನುವ ಬದಲು ಆರ್‌ಬಕಲ್ ಅಂತಲೇ ಕೇಳುವಷ್ಟು ಅದು ಹಬ್ಬಿತು. ಪ್ರತಿ ಪೊಟ್ಟಣದಲ್ಲಿ ಒಂದು ಪೆಪ್ಪರ್‌ಮಿಂಟ್ ಕಡ್ಡಿ ಇರುತ್ತಿತ್ತು. ಅಡುಗೆಯವನು "ಪೆಪ್ಪರ್‌ಮಿಂಟ್ ಯಾರಿಗೆ ಬೇಕು?" ಅಂತ ಕೂಗಿದರೆ, ಮೀಸೆ ಹೊತ್ತ ಗಂಡಸರೂ ಗಿರಣಿ ತಿರುಗಿಸಲು ಪೈಪೋಟಿಗೆ ಬೀಳುತ್ತಿದ್ದರಂತೆ.

ಹುರಿದ ಬೀಜವನ್ನು ಅವತ್ತೇ ಅರೆಯಲು ಅಪ್ಪ ಬಿಡಲಿಲ್ಲ. ಒಂದು ರಾತ್ರಿಯಾದರೂ ಉಸಿರಾಡಲಿ ಅಂದರು.

ಮೂರನೇ ದಿನ

ಮಗಳೇ ಗಿರಣಿ ತಿರುಗಿಸಿದಳು. ಅಮರಿಲೋದಲ್ಲಿ ನಾನು ಪೆಪ್ಪರ್‌ಮಿಂಟ್ ಕಡ್ಡಿ ಕೊಂಡು ಬಚ್ಚಿಟ್ಟಿದ್ದೆ. ಕೊಟ್ಟಾಗ ಅವಳ ಮುಖ ನೋಡಬೇಕಿತ್ತು.

ಈ ಸಲ ಪಾತ್ರೆ ಅಪ್ಪನ ಕೈಯಲ್ಲಿ. ಕೆಂಡ, ಕುದಿ, ಕೆಳಗಿಳಿಸಿ ಮೂವತ್ತರ ಎಣಿಕೆ (ಕನ್ನಡದಲ್ಲಿ), ಪುಡಿ. ಪುಡಿ ಬಿದ್ದದ್ದೇ ತಡ ನೊರೆ ಬುಸ್ಸಂತ ಮೇಲೆದ್ದಿತು. ತಾಜಾ ಹುರಿದ ಬೀಜದೊಳಗೆ ಅನಿಲ ತುಂಬಿರುತ್ತದೆ, ಬಿಸಿನೀರು ತಾಗಿದಾಗ ಅದು ಹೊರಗೆ ನುಗ್ಗುತ್ತದೆ. ಅದಕ್ಕೇ ಪುಡಿ ತೇಲುತ್ತಲೇ ಇತ್ತು. ತಣ್ಣೀರು ಚಿಮುಕಿಸಿದರೂ ಅರ್ಧ ಕೂತಿತು, ಅರ್ಧ ಇಲ್ಲ. ಪಕ್ಕದ ಕ್ಯಾಂಪಿನಾಕೆ ಬಂದು ಇಣುಕಿ, "ತಾಜಾ, ಅಲ್ವಾ? ಇನ್ನೂ ಕಾಯಬೇಕು" ಅಂದರು. ನಮಗೆ ಹೊರಡುವ ಅವಸರ. ಕಾಯಲಿಲ್ಲ. ಘಮ ನಮ್ಮ ಅಂಗಳದ್ದೇ, ಆದರೆ ಹಲ್ಲಿಗೆ ತರಿ ಸಿಕ್ಕಿತು. ಕೊನೆಯ ಎರಡು ಗುಟುಕು ಅಪ್ಪ ಬೆಂಕಿಗೆ ಚೆಲ್ಲಿದರು.

ಇನ್ನೊಂದು ವಿಷಯ ಆಕೆಯಿಂದ ಕಲಿತೆವು. ನಾನು ಎರಡನೇ ಲೋಟಕ್ಕೆ ಎದ್ದು ಪಾತ್ರೆಗೆ ಕೈ ಹಾಕಿದ್ದೇ ತಡ, ಆಕೆ "ಪಾತ್ರೆ ಹತ್ರ ಆಳು ಇದಾನೆ!" ಅಂತ ಕೂಗಿದರು. ಕೌಬಾಯ್‌ಗಳ ಹಳೇ ಕಟ್ಟಳೆ ಅದು. ಒಬ್ಬ ತನ್ನ ಲೋಟ ತುಂಬಿಸಲು ಎದ್ದಾಗ ಯಾರಾದರೂ ಹೀಗೆ ಕೂಗಿದರೆ, ಅವನು ಪಾತ್ರೆ ಹಿಡಿದು ಎಲ್ಲರ ಲೋಟವನ್ನೂ ತುಂಬಿಸಿಯೇ ಕೂರಬೇಕು. ಮಾಲೀಕನಾದರೂ ಸರಿ, ಕೂಲಿಯವನಾದರೂ ಸರಿ. ಆ ಬೆಂಕಿಯ ಸುತ್ತ ಬಿಳಿಯರು ಮಾತ್ರ ಇರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರೂ, ವಕೇರೋ ಅನ್ನುವ ಮೆಕ್ಸಿಕೋದ ದನಗಾಹಿಗಳೂ ಇದ್ದರು. ಹಗ್ಗ ಬೀಸುವುದು, ಜೀನು ಕಟ್ಟುವುದು, ಮಂದೆ ನಡೆಸುವುದು, ಈ ಕಸುಬಿನ ಬಹಳಷ್ಟು ಬಂದಿದ್ದೇ ವಕೇರೋಗಳಿಂದ.

ಕ್ಲಾಡ್ ಊರಿನಿಂದ ದಕ್ಷಿಣಕ್ಕೆ 207ನೇ ರಸ್ತೆ ಹಿಡಿದೆವು. ಪಾಲೋ ಡ್ಯೂರೋ ಕಣಿವೆಗೆ ಇಳಿದು ಮತ್ತೆ ಏರುವ ಚಂದದ ದಾರಿ. ಮುಂದೆ ಟ್ಯೂಲ್ ಕಣಿವೆ ಬರುತ್ತದೆ. ಅಲ್ಲಿ ಕಾರು ನಿಲ್ಲಿಸಿದೆ. 1874ರ ಸೆಪ್ಟೆಂಬರ್ 28ರಂದು ಅಮೆರಿಕ ಸರ್ಕಾರದ ಕರ್ನಲ್ ಮೆಕೆಂಜಿಯ ಸೈನ್ಯ ಪಾಲೋ ಡ್ಯೂರೋದಲ್ಲಿ ಬೀಡುಬಿಟ್ಟಿದ್ದ ಈ ನೆಲದ ಮೂಲನಿವಾಸಿಗಳಾದ ಕೊಮಾಂಚಿ, ಕೈಯೊವಾ, ಶೈಯೆನ್ ಜನರ ಮೇಲೆ ಬಿತ್ತು. ಡೇರೆ, ಚಳಿಗಾಲಕ್ಕೆ ಕೂಡಿಟ್ಟ ಆಹಾರ ಎಲ್ಲ ಸುಟ್ಟರು. ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಈ ಟ್ಯೂಲ್ ಕಣಿವೆಯ ಕಡೆ ತಂದು ಗುಂಡಿಟ್ಟು ಕೊಂದರು. ಕುದುರೆ ಹೋದ ಮೇಲೆ ಆ ಜನಕ್ಕೆ ಬೇಟೆ ಇಲ್ಲ, ಬದುಕಿಲ್ಲ. ಚಳಿಯಲ್ಲಿ ನಡೆದು ಹೋಗಿ ಶರಣಾಗಬೇಕಾಯಿತು. ಗುಡ್‌ನೈಟ್ ತನ್ನ ದನಗಳನ್ನು ಪಾಲೋ ಡ್ಯೂರೋಗೆ ಇಳಿಸಿದ್ದು ಎರಡೇ ವರ್ಷದ ಮೇಲೆ, 1876ರಲ್ಲಿ. ಕೌಬಾಯ್ ಕಾಫಿಯ ಬೆಂಕಿ ಹತ್ತಿದ್ದು ಖಾಲಿ ನೆಲದ ಮೇಲಲ್ಲ, ಖಾಲಿ ಮಾಡಿಸಿದ ನೆಲದ ಮೇಲೆ. ಇದನ್ನು ಹೇಳದೆ ಆ ಕಾಫಿಯ ಕಥೆ ಹೇಳಲು ನನ್ನಿಂದಾಗದು. ಮಗಳಿಗೂ ಹೇಳಿದೆ. ಅವಳು ಕಣಿವೆಯ ಕಡೆ ನೋಡುತ್ತಾ ನಿಂತಳು. ಏನೂ ಕೇಳಲಿಲ್ಲ.

ಸಂಜೆಗೆ ಕ್ಯಾಪ್‌ರಾಕ್ ಕ್ಯಾನಿಯನ್ಸ್ ಸ್ಟೇಟ್ ಪಾರ್ಕ್ ಸೇರಿದೆವು. ಇಲ್ಲೂ ಕೆಂಪು ಬಂಡೆ, ಅದರಲ್ಲಿ ಬಿಳಿ ಪಟ್ಟಿಗಳು. ಆ ಬಿಳಿ ಜಿಪ್ಸಂ. ಈ ಭಾಗದ ಹಳ್ಳ ತೊರೆಗಳ ನೀರಿನಲ್ಲಿ ಜಿಪ್ಸಂ ಕರಗಿರುತ್ತದೆ. ಕುಡಿದರೆ ಬಾಯಿ ಕಹಿ, ಹೊಟ್ಟೆ ಕೆಡುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ. ಇಂಥ ನೀರನ್ನು ವಾರಗಟ್ಟಲೆ ಕುಡಿಯಬೇಕಾದವರು ಕಾಫಿಯನ್ನು ಅಷ್ಟು ಗಟ್ಟಿ ಮಾಡಿಕೊಳ್ಳುತ್ತಿದ್ದುದರಲ್ಲಿ ಏನೂ ಆಶ್ಚರ್ಯವಿಲ್ಲ. ನಾವು ನಲ್ಲಿ ನೀರು ಹಿಡಿದಿಟ್ಟು ಬೇಗ ಮಲಗಿದೆವು.

ನಾಲ್ಕನೇ ದಿನ

ಕೊನೆಯ ಬೆಳಗು. ಉಳಿದ ಬೀಜಕ್ಕೆ ಈಗ ಒಂದೂವರೆ ದಿನದ ವಿಶ್ರಾಂತಿ ಆಗಿತ್ತು. ಮಗಳು ಅರೆದಳು, ಈ ಸಲ ಇನ್ನಷ್ಟು ತರಿಯಾಗಿ. ಅಪ್ಪ ಕೆಂಡ ಹರಡಿದರು. ಗಾಳಿ ಇರಲಿಲ್ಲ. ನೀರು ಕುದಿಯಿತು, ಇಳಿಯಿತು, ಪುಡಿ ಬಿತ್ತು. ನೊರೆ ನಿನ್ನೆಗಿಂತ ಕಮ್ಮಿ. ತಿರುವಿ, ಬಿಟ್ಟು, ಮತ್ತೆ ತಿರುವಿದರು. ಪಾತ್ರೆಯನ್ನು ಬೆಂಕಿಯ ಅಂಚಿನ ಬಿಸಿ ಕಲ್ಲಿನ ಮೇಲೆ ಇಟ್ಟು, ಬೆರಳಲ್ಲಿ ತಣ್ಣೀರು ಚಿಮುಕಿಸಿದರು. ಮುಚ್ಚಳ ಹಾಕಿದರು.

ಆಗ ಮಗಳು ನನ್ನ ತೋಳು ಹಿಡಿದಳು. ಪೊದೆಗಳ ಆಚೆಯಿಂದ ಕಾಡೆಮ್ಮೆಗಳು ಬರುತ್ತಿದ್ದವು. ಒಂದು, ಎರಡು, ಆಮೇಲೆ ಐದು. ಟೆಕ್ಸಸ್ ರಾಜ್ಯದ ಬೈಸನ್ ಹಿಂಡು ಈ ಪಾರ್ಕಿನಲ್ಲಿ ಬೇಲಿ ಕಟ್ಟಳೆಯಿಲ್ಲದೆ ಓಡಾಡಿಕೊಂಡಿದೆ, ಕ್ಯಾಂಪಿನೊಳಗೂ ಬರುತ್ತದೆ ಅಂತ ಓದಿದ್ದೆ. ಐವತ್ತು ಗಜ ದೂರ ಇರಬೇಕು ಅನ್ನುವುದು ನಿಯಮ. ಅಪ್ಪನನ್ನು ಎಬ್ಬಿಸಿಕೊಂಡು, ಸದ್ದು ಮಾಡದೆ ಹಿಂದೆ ಸರಿದು, ದೂರದಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಕೂತೆವು. ಕಾಫಿ ಅಲ್ಲೇ ಉಳಿಯಿತು.

ದೊಡ್ಡ ಗೂಳಿ ನಮ್ಮ ಟೆಂಟಿನ ಪಕ್ಕ ಹುಲ್ಲು ಹರಿಯುತ್ತಾ ನಿಂತಿತು. ಅದರ ಉಸಿರು ಚಳಿಗೆ ಹೊಗೆಯಾಗಿ ಕಾಣುತ್ತಿತ್ತು. ಭುಜದ ಮೇಲೆ ಕಂಬಳಿ ಹೊದ್ದ ಹಾಗೆ ಕೂದಲು, ಗಡ್ಡದಲ್ಲಿ ಒಣಹುಲ್ಲು. ಅಪ್ಪ ಪಿಸುಮಾತಿನಲ್ಲಿ "ನಮ್ಮ ಕಾಟಿಯ ಅಣ್ಣನ ಹಾಗಿದೆ" ಅಂದರು. ಈ ಹಿಂಡಿನ ಕಥೆಯೂ ಗುಡ್‌ನೈಟ್ ಮನೆಗೇ ಹೋಗಿ ಮುಟ್ಟುತ್ತದೆ. ಚರ್ಮಕ್ಕಾಗಿ ಬೇಟೆಗಾರರು ಬಯಲಿನ ಬೈಸನ್‌ಗಳನ್ನೆಲ್ಲ ಕೊಂದು ಮುಗಿಸುತ್ತಿದ್ದಾಗ, ಗುಡ್‌ನೈಟ್‌ನ ಹೆಂಡತಿ ಮೇರಿ ಆ್ಯನ್ ತಬ್ಬಲಿ ಕರುಗಳನ್ನಾದರೂ ಉಳಿಸೋಣ ಅಂತ ಗಂಡನಿಗೆ ಹೇಳಿದಳು. 1878ರ ಸುಮಾರಿಗೆ ಹಿಡಿದು ಸಾಕಿದ ಆ ಕೆಲವು ಕರುಗಳ ಸಂತತಿಯೇ ಇವು. 1997ರಲ್ಲಿ ಇಲ್ಲಿಗೆ ಬಂದವು.

ಐದು ನಿಮಿಷದಲ್ಲಿ ಹೋಗುತ್ತವೆ ಅಂದುಕೊಂಡೆ. ಹೋಗಲಿಲ್ಲ. ಗೂಳಿ ಬೆಂಕಿಯ ಕಡೆ ಒಂದು ಸಲ ಮೂಸಿ, ಮುಖ ತಿರುಗಿಸಿ, ಮತ್ತೆ ಮೇಯತೊಡಗಿತು. ಒಂದು ಕರು ಅಲ್ಲೇ ಧೂಳಿನಲ್ಲಿ ಬಿದ್ದು ಹೊರಳಾಡಿತು. ಕಾರಿನೊಳಗೆ ಮೂವರೂ ಮಾತಾಡಲಿಲ್ಲ. ಕಿಟಕಿಯ ಗಾಜು ನಮ್ಮ ಉಸಿರಿಗೆ ಮಂಜಾಗುತ್ತಿತ್ತು, ಮಗಳು ತೋಳಿನಿಂದ ಒರೆಸುತ್ತಿದ್ದಳು. ಇಪ್ಪತ್ತೈದು ನಿಮಿಷ ಹೀಗೇ. ಆಮೇಲೆ ಅವು ಬಂದಷ್ಟೇ ನಿಧಾನವಾಗಿ ಆಚೆ ಇಳಿಜಾರಿಗೆ ಹೋದವು.

ಪಾತ್ರೆ ಇಟ್ಟಲ್ಲೇ ಇತ್ತು. ಕಲ್ಲು ಇನ್ನೂ ಬಿಸಿ, ಪಾತ್ರೆಯ ಹೊಟ್ಟೆ ಕೈಗೆ ಹಿತವಾಗಿತ್ತು. ಅಪ್ಪ ಅಲುಗಿಸದೆ ಎತ್ತಿ ಮೊದಲ ಲೋಟಕ್ಕೆ ಬಗ್ಗಿಸಿದರು. ಧಾರೆ ಜೇನಿನ ಹಾಗೆ ಇಳಿಯಿತು, ಒಂದು ಕಣ ಇಲ್ಲ. ಲೋಟದ ಬಿಳಿ ಎನಾಮೆಲ್‌ನ ತಳ, ಅದರ ಮೇಲಿನ ಒಂದು ಸಣ್ಣ ಕಪ್ಪು ಚಕ್ಕೆ, ಆ ಕಂದು ನೀರಿನ ಮೊದಲ ಇಂಚಿನಡಿ ನಿಚ್ಚಳವಾಗಿ ಕಾಣುತ್ತಿತ್ತು. ಕುಡಿದರು. ಕಣ್ಣು ಮುಚ್ಚಿದರು.

ನಾನು ನನ್ನ ಲೋಟ ಚಾಚುವಷ್ಟರಲ್ಲಿ ಮಗಳು ಕನ್ನಡದಲ್ಲೇ, ಕಣಿವೆಗೆಲ್ಲ ಕೇಳುವ ಹಾಗೆ ಕೂಗಿದಳು: "ಪಾತ್ರೆ ಹತ್ರ ಅಜ್ಜ ಇದಾರೆ!"

ಅಪ್ಪ ತಮ್ಮ ಲೋಟ ಕಲ್ಲಿನ ಮೇಲಿಟ್ಟು, ಎದ್ದು, ನನ್ನ ಲೋಟ ತುಂಬಿಸಿದರು. ಅವಳಿಗೂ ಕಾಲು ಲೋಟ, ಬೆಲ್ಲ ಹಾಕಿ.